ಆಗಾಗ ಕೈಕೊಡುವ ಎಸಿ: ಹಳೆ ಪಿಕಪ್‌ನಲ್ಲಿ ತೊಂದರೆ ಹುಡುಕುವ ಸಮಗ್ರ ಮಾರ್ಗದರ್ಶಿ

ಹಿರಿಯೂರಿನಿಂದ ಬೆಳಿಗ್ಗೆ ಹೊರಟಾಗ ಎಸಿ ಚೆನ್ನಾಗಿಯೇ ಇರುತ್ತಿತ್ತು. ಶಿರಾ ದಾಟುವ ಹೊತ್ತಿಗೆ ಬಿಸಿಗಾಳಿ. ತುಮಕೂರಿನ ಹತ್ತಿರ ಕಾಫಿಗೆ ನಿಲ್ಲಿಸಿ ಅರ್ಧ ಗಂಟೆ ಬಿಟ್ಟು ಹೊರಟರೆ ಮತ್ತೆ ತಣ್ಣಗೆ, ನೆಲಮಂಗಲ ಬರುವಷ್ಟರಲ್ಲಿ ಮತ್ತೆ ಬಿಸಿ. ನನ್ನದು 2009ರ ಡಬಲ್ ಕ್ಯಾಬ್ ಡೀಸೆಲ್ ಪಿಕಪ್. ತಿಂಗಳಿಗೊಂದು ಸಲ ಅಮ್ಮನನ್ನು ಬೆಂಗಳೂರಿಗೆ ತಪಾಸಣೆಗೆ ಕರೆದುಕೊಂಡು ಹೋಗಬೇಕು. ಏಪ್ರಿಲ್ ಬಿಸಿಲಲ್ಲಿ ಪಕ್ಕದ ಸೀಟಿನಲ್ಲಿ ಅವರು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ಕೂತಿದ್ದನ್ನು ನೋಡಿ ಸುಮ್ಮನಿರಲು ಆಗಲಿಲ್ಲ.

ಎರಡು ಸಲ ಗ್ಯಾಸ್ ಹಾಕಿಸಿದೆ. ಎರಡು ಸಲವೂ ಶೆಡ್‌ನಲ್ಲಿ ನಿಂತಿದ್ದಾಗ ಗಾಳಿ ತಣ್ಣಗೆ ಬಂತು, ದಾರಿಗೆ ಬಿದ್ದ ಮೇಲೆ ಅದೇ ಕಥೆ. ಕೊನೆಗೆ ತೊಂದರೆ ಇದ್ದದ್ದು ಗ್ಯಾಸಿನಲ್ಲಿ ಅಲ್ಲವೇ ಅಲ್ಲ. ಕಂಪ್ರೆಸರ್ ಕ್ಲಚ್‌ನ (ಎಸಿಯ ಕಂಪ್ರೆಸರನ್ನು ಎಂಜಿನ್ ಬೆಲ್ಟಿನ ಪುಲ್ಲಿಗೆ ಕೂಡಿಸಿ ಬಿಡಿಸುವ ಭಾಗದ) ಒಂದು ಸಂದು, ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು ಜಾಸ್ತಿಯಾಗಿತ್ತು, ಅಷ್ಟೇ.

ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಬಂದು ಹೋಗುವ ತೊಂದರೆಯನ್ನು ಅದು ಬಂದಿರುವಾಗಲೇ ಹಿಡಿಯಬೇಕು. ಎಸಿ ಸರಿಯಾಗಿ ಓಡುತ್ತಿರುವಾಗ ಎಷ್ಟೇ ಪರೀಕ್ಷೆ ಮಾಡಿದರೂ ಎಲ್ಲವೂ ಸರಿಯಾಗೇ ಕಾಣುತ್ತದೆ. ಆಗ ಯಾರಿಗಾದರೂ ತೋಚುವುದು ಒಂದೇ, "ಗ್ಯಾಸ್ ಹಾಕಿಸಿ ನೋಡೋಣ". ಗ್ಯಾಸ್ ಸೋರಿ ಖಾಲಿಯಾಗಿದ್ದರೆ ಅದು ಕಾಫಿ ಕುಡಿದು ಬರುವಷ್ಟರಲ್ಲಿ ವಾಪಸ್ ಬರುವುದಿಲ್ಲ, ಅಲ್ವಾ? ಈ ಒಂದು ಪ್ರಶ್ನೆಯನ್ನು ನಾನು ಮೊದಲೇ ಕೇಳಿಕೊಂಡಿದ್ದರೆ ಎರಡು ಸಲದ ದುಡ್ಡು ಉಳಿಯುತ್ತಿತ್ತು.

ಒಳಗೆ ಏನಾಗುತ್ತದೆ, ಚುಟುಕಾಗಿ

ಎಸಿ ತಂಪನ್ನು ತಯಾರಿಸುವುದಿಲ್ಲ, ಕ್ಯಾಬಿನ್ ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುತ್ತದೆ. ಹೊರುವ ಕೆಲಸ ಗ್ಯಾಸಿನದು. ನಮ್ಮ ಹಳೆ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಆರ್-134ಎ ಇರುತ್ತದೆ. ಕಂಪ್ರೆಸರ್ ಅದನ್ನು ಒತ್ತಿ ಬಿಸಿ ಮಾಡಿ ಮುಂದಿನ ಕಂಡೆನ್ಸರ್‌ಗೆ ಕಳಿಸುತ್ತದೆ. ಅಲ್ಲಿ ಗಾಳಿಗೆ ಶಾಖ ಬಿಟ್ಟು ಅದು ದ್ರವವಾಗುತ್ತದೆ. ಡ್ರೈಯರ್ ಡಬ್ಬಿ ಅದರೊಳಗಿನ ತೇವ ಹೀರಿಕೊಳ್ಳುತ್ತದೆ. ಎಕ್ಸ್‌ಪಾನ್ಶನ್ ವಾಲ್ವ್‌ನ ಸಣ್ಣ ತೂತಿನಿಂದ ನುಗ್ಗಿದಾಗ ಒತ್ತಡ ಒಮ್ಮೆಲೇ ಇಳಿದು, ಡ್ಯಾಶ್‌ಬೋರ್ಡ್ ಹಿಂದಿನ ಕೂಲಿಂಗ್ ಕಾಯಿಲ್‌ನಲ್ಲಿ ಕುದಿದು ಆವಿಯಾಗುತ್ತಾ ಒಳಗಿನ ಗಾಳಿಯ ಶಾಖ ಎಳೆದುಕೊಳ್ಳುತ್ತದೆ. ಬ್ಲೋವರ್ ಆ ತಣ್ಣನೆ ಗಾಳಿಯನ್ನು ನಿಮ್ಮ ಮುಖಕ್ಕೆ ತರುತ್ತದೆ.

ಈ ಸಾಲಿನಲ್ಲಿ ಗ್ಯಾಸ್, ಕರೆಂಟ್, ಗಾಳಿ ಮೂರೂ ಬೇಕು. ಬಂದು ಹೋಗುವ ತೊಂದರೆಯಲ್ಲಿ ಹೆಚ್ಚಾಗಿ ಕೈಕೊಡುವುದು ಕರೆಂಟ್, ಆಮೇಲೆ ಗಾಳಿ. ಗ್ಯಾಸ್ ಕೊನೆಗೆ.

ಹಂತ 1: ಪಾನಾ ಹಿಡಿಯುವ ಮೊದಲು ನೋಟ್‌ಬುಕ್

ಒಂದು ವಾರ ಗಾಡಿಯಲ್ಲಿ ಸಣ್ಣ ಪುಸ್ತಕ ಇಡಿ. ಪಕ್ಕದಲ್ಲಿ ಕೂತವರು ಬರೆಯಲಿ, ಓಡಿಸುವವರಲ್ಲ. ಎಸಿ ಹೋದಾಗಲೆಲ್ಲ ಇಷ್ಟು ಬರೆಯಿರಿ: ಹೊರಟು ಎಷ್ಟು ನಿಮಿಷ ಆಗಿತ್ತು, ಗಾಡಿ ಓಡುತ್ತಿತ್ತೋ ನಿಂತಿತ್ತೋ, ಬ್ಲೋವರ್ ಎಷ್ಟರಲ್ಲಿತ್ತು, ಗಾಳಿಯ ರಭಸ ಕಡಿಮೆಯಾಯಿತೋ ಅಥವಾ ಅದೇ ರಭಸದಲ್ಲಿ ಬಿಸಿಯಾಯಿತೋ, ಎಂಜಿನ್ ಬಿಸಿಯ ಮುಳ್ಳು ಎಲ್ಲಿತ್ತು, ಮತ್ತೆ ಹೇಗೆ ಸರಿಯಾಯಿತು. ಕೊನೆಯದ್ದು ಬಹಳ ಮುಖ್ಯ.

ಈ ಪುಸ್ತಕವೇ ಅರ್ಧ ಉತ್ತರ ಕೊಡುತ್ತದೆ. ಅರ್ಧ ಗಂಟೆ ಓಡಿದ ಮೇಲೆ ಹೋಗಿ, ತಣಿದ ಮೇಲೆ ಬಂದರೆ ಕ್ಲಚ್ ಕಾಯಿಲ್ (ಕ್ಲಚ್ ಎಳೆಯುವ ಅಯಸ್ಕಾಂತದ ತಂತಿ ಸುರುಳಿ) ಅಥವಾ ಕ್ಲಚ್ ಸಂದು ನೋಡಿ. ಹೈವೇಯಲ್ಲಿ ಚೆನ್ನಾಗಿದ್ದು ಸಿಗ್ನಲ್‌ನಲ್ಲಿ ನಿಂತಾಗ ಬಿಸಿಯಾದರೆ ಕಂಡೆನ್ಸರ್ ಕೊಳೆ ಅಥವಾ ಫ್ಯಾನ್. ಗಾಳಿಯ ರಭಸವೇ ನಿಧಾನಕ್ಕೆ ಕುಗ್ಗಿ, ಎಸಿ ಬಟನ್ ಆಫ್ ಮಾಡಿ ಕಾಲು ಗಂಟೆ ಬಿಟ್ಟ ಮೇಲೆ ಸರಿಯಾದರೆ ಕೂಲಿಂಗ್ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿದೆ. ಗುಂಡಿಗೆ ಬಿದ್ದಾಗ ಹೋಗಿ ಇನ್ನೊಂದು ಗುಂಡಿಗೆ ವಾಪಸ್ ಬಂದರೆ ವೈರ್ ಸಡಿಲ, ಅನುಮಾನವೇ ಬೇಡ. ಮಳೆಯಲ್ಲಿ ಮಾತ್ರ ತೊಂದರೆ ಅಂದರೆ ರಿಲೇ (ಕರೆಂಟಿನಿಂದಲೇ ನಡೆಯುವ ಸ್ವಿಚ್) ಬಾಕ್ಸ್‌ಗೆ ನೀರು ಇಳಿಯುತ್ತಿರಬಹುದು, ಇಲ್ಲವೇ ಬೆಲ್ಟ್ ಜಾರುತ್ತಿರಬಹುದು. ಬೆಲ್ಟ್ ಆದರೆ ಕಿರ್ ಎಂದು ಕೂಗುತ್ತದೆ.

ಒಂದು ಮಾತು. ಶಿರಾಡಿ ಘಾಟಿಯನ್ನು ಲೋಡ್ ಹಾಕಿಕೊಂಡು ಹತ್ತುವಾಗ ಎಸಿ ಸ್ವಲ್ಪ ಹೊತ್ತು ನಿಂತು ಮೇಲೆ ಹೋದ ಮೇಲೆ ಬಂದರೆ ಅದು ತೊಂದರೆಯೇ ಅಲ್ಲದಿರಬಹುದು. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ, ಅಥವಾ ಎಂಜಿನ್ ವಿಪರೀತ ಬಿಸಿಯಾದಾಗ, ಎಂಜಿನ್ ಕಂಪ್ಯೂಟರ್ ಬೇಕೆಂದೇ ಕಂಪ್ರೆಸರ್ ಬಿಡಿಸುವ ಏರ್ಪಾಡು ಬಹಳ ಗಾಡಿಗಳಲ್ಲಿದೆ. ಆದರೆ ಬಿಸಿಯ ಮುಳ್ಳು ಏರಿದ್ದೇ ಕಾರಣವಾದರೆ ಎಸಿ ಬಿಟ್ಟು ಮೊದಲು ಕೂಲಂಟ್, ರೇಡಿಯೇಟರ್ ನೋಡಿ. ಅದು ದೊಡ್ಡ ಖರ್ಚಿನ ಮುನ್ಸೂಚನೆ.

ಬೇಕಾದ ಸಾಮಾನು

ಮಲ್ಟಿಮೀಟರ್, ಟೆಸ್ಟ್ ಲ್ಯಾಂಪ್, ಸಣ್ಣ ಸಂದು ಅಳೆಯುವ ತೆಳು ತಗಡುಗಳ ಫೀಲರ್ ಗೇಜ್, ಗಾಳಿ ಬರುವ ಕಿಂಡಿಗೆ ಸಿಕ್ಕಿಸುವ ಸಣ್ಣ ಡಿಜಿಟಲ್ ಥರ್ಮಾಮೀಟರ್, ಟಾರ್ಚ್, 10ರ ಸಾಕೆಟ್, ಉದ್ದದ ಒಣ ಮರದ ಕೋಲು. ಇಷ್ಟೇ. ಒತ್ತಡ ಅಳೆಯುವ ಗೇಜ್ ಸೆಟ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಮೊದಲ ಐದು ಹಂತದ ಹೆಚ್ಚಿನ ಕೆಲಸಕ್ಕೆ ಬೇಕಿಲ್ಲ.

ಎಚ್ಚರಿಕೆ ಹಗುರವಾಗಿ ತೆಗೆದುಕೊಳ್ಳಬೇಡಿ. ಎಂಜಿನ್ ಓಡುತ್ತಿರುವಾಗ ಬಾನೆಟ್ ಕೆಳಗೆ ಬಗ್ಗುತ್ತೀರಿ. ಶಾಲು, ಪಂಚೆ, ಸಡಿಲ ತೋಳು, ಕೊರಳ ಸರ ಯಾವುದೂ ಬೇಡ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಕಲ್ಲು. ಎಲೆಕ್ಟ್ರಿಕ್ ಫ್ಯಾನ್ ಯಾವ ಕ್ಷಣದಲ್ಲಾದರೂ ತಾನಾಗೇ ಶುರುವಾಗಬಹುದು. ಗ್ಯಾಸ್ ಪೈಪ್‌ಗಳ ಜಾಯಿಂಟನ್ನು ಸಡಿಲ ಮಾಡಿ ನೋಡುವ ಕೆಲಸಕ್ಕೆ ಕೈ ಹಾಕಲೇಬೇಡಿ. ಆರ್-134ಎ ಹೊರಗಿನ ಗಾಳಿಯ ಒತ್ತಡದಲ್ಲಿ ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ. ಕಣ್ಣಿಗೆ ಸಿಡಿದರೆ ಕಣ್ಣು ಹೋಗಬಹುದು.

ಹಂತ 2: ಬಿಸಿಗಾಳಿ ಬರುವಾಗ ಕ್ಲಚ್ ನೋಡಿ

ಇಡೀ ಹುಡುಕಾಟದ ಕವಲು ಇಲ್ಲೇ. ಎಸಿ ಕೈಕೊಟ್ಟ ಕೂಡಲೇ ಸುರಕ್ಷಿತ ಜಾಗದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಬೇಡಿ, ಎಸಿ ಬಟನ್ ಕೂಡ ಆಫ್ ಮಾಡಬೇಡಿ. ಬಾನೆಟ್ ಎತ್ತಿ ಕಂಪ್ರೆಸರ್‌ನ ಮುಂಭಾಗಕ್ಕೆ ಟಾರ್ಚ್ ಬಿಡಿ. ಬೆಲ್ಟ್ ಸುತ್ತಿರುವ ಪುಲ್ಲಿ ಎಂಜಿನ್ ಓಡುವಾಗೆಲ್ಲ ತಿರುಗುತ್ತಲೇ ಇರುತ್ತದೆ, ಅದನ್ನು ನೋಡಿ ಕಂಪ್ರೆಸರ್ ಓಡುತ್ತಿದೆ ಎಂದುಕೊಳ್ಳಬೇಡಿ. ನೋಡಬೇಕಾದ್ದು ಪುಲ್ಲಿಯ ಮುಂದಿರುವ, ನಡುವೆ ಬೋಲ್ಟ್ ಇರುವ ಸಣ್ಣ ಪ್ಲೇಟ್. ಅದು ತಿರುಗುತ್ತಿದ್ದರೆ ಕಂಪ್ರೆಸರ್ ಓಡುತ್ತಿದೆ.

ಪ್ಲೇಟ್ ನಿಂತಿದ್ದರೆ ಹಂತ 3, 4ಕ್ಕೆ ಹೋಗಿ. ತಿರುಗುತ್ತಿದ್ದೂ ಗಾಳಿ ಬಿಸಿ ಇದ್ದರೆ ನೇರ ಹಂತ 5ಕ್ಕೆ.

ಐದಾರು ಸೆಕೆಂಡಿಗೊಮ್ಮೆ ಟಕ್ ಎಂದು ಹಿಡಿದು ಬಿಡುತ್ತಿದ್ದರೆ ಯಾವುದೋ ಸ್ವಿಚ್ ಅದನ್ನು ಬಿಡಿಸುತ್ತಿದೆ. ಅಮೆರಿಕದಲ್ಲಿ ಹಳೆ ಪಿಕಪ್ ಇಟ್ಟುಕೊಂಡಿರುವ ನಮ್ಮವರು ಇದನ್ನು ಗಮನಿಸಿ. ಅಲ್ಲಿನ ಬಹಳಷ್ಟು ಗಾಡಿಗಳಲ್ಲಿ ಎಕ್ಸ್‌ಪಾನ್ಶನ್ ವಾಲ್ವ್ ಬದಲು ಸಣ್ಣ ತೂತಿನ ಒಂದು ನಳಿಕೆ ಇರುತ್ತದೆ, ಕೂಲಿಂಗ್ ಕಾಯಿಲ್ ದಾಟಿದ ಮೇಲಿನ ಡಬ್ಬಿಯ ಮೇಲೆ ಕಡಿಮೆ ಒತ್ತಡದ ಸ್ವಿಚ್ ಕೂತಿರುತ್ತದೆ. ಅಂಥ ಗಾಡಿಯಲ್ಲಿ ಈ ಟಕ್ ಟಕ್ ಕೇಳಿದರೆ ಮೊದಲ ಅನುಮಾನ ಗ್ಯಾಸ್ ಕಡಿಮೆ ಎಂದೇ ಇರಲಿ.

ಹಂತ 3: ಪ್ಲೇಟ್ ನಿಂತಿದೆ. ಕರೆಂಟ್ ಅಲ್ಲಿವರೆಗೆ ಬರುತ್ತಿದೆಯೇ?

ಕಂಪ್ರೆಸರ್‌ಗೆ ಹೋಗುವ ವೈರ್ ಸಾಮಾನ್ಯವಾಗಿ ಒಂದೇ ಇರುತ್ತದೆ, ಅರ್ತ್ ಕಂಪ್ರೆಸರ್ ಮೈಯಿಂದಲೇ ಸಿಗುತ್ತದೆ. ಮಲ್ಟಿಮೀಟರ್‌ನ ಕಪ್ಪು ತುದಿಯನ್ನು ಬ್ಯಾಟರಿ ಮೈನಸ್‌ಗೆ, ಕೆಂಪು ತುದಿಯನ್ನು ಕನೆಕ್ಟರ್ ಹಿಂದಿನಿಂದ ಆ ವೈರಿಗೆ ತಾಗಿಸಿ. ಕನೆಕ್ಟರ್ ಬಿಚ್ಚಿ ಅಳೆಯಬೇಡಿ. ಬಿಚ್ಚಿದಾಗ ಲೋಡ್ ಇರುವುದಿಲ್ಲ, ಸುಟ್ಟ ಕಾಂಟ್ಯಾಕ್ಟ್‌ನಲ್ಲೂ 12 ವೋಲ್ಟ್ ತೋರಿಸಿ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸುಮಾರು 13.5ರಿಂದ 14.4 ವೋಲ್ಟ್ ಇರುತ್ತದೆ. ಇಲ್ಲಿ ಅದಕ್ಕಿಂತ ಅರ್ಧ ವೋಲ್ಟಿಗಿಂತ ಜಾಸ್ತಿ ಕಡಿಮೆ ಕಂಡರೆ ನಡುವೆ ಎಲ್ಲೋ ನುಂಗುತ್ತಿದೆ.

ಕರೆಂಟ್ ಪೂರ್ತಿ ಬರುತ್ತಿದ್ದೂ ಪ್ಲೇಟ್ ಹಿಡಿಯುತ್ತಿಲ್ಲವಾ? ಹಾಗಾದರೆ ತೊಂದರೆ ಕ್ಲಚ್‌ನಲ್ಲೇ ಇದೆ, ಅಥವಾ ಅರ್ತ್‌ನಲ್ಲಿ. ಅರ್ತ್ ನೋಡಲು ಬ್ಯಾಟರಿ ಮೈನಸ್‌ಗೂ ಕಂಪ್ರೆಸರ್ ಮೈಗೂ ಮೀಟರ್ ಹಿಡಿಯಿರಿ. 0.2 ವೋಲ್ಟ್ ದಾಟಬಾರದು. ದಾಟಿದರೆ ಎಂಜಿನ್‌ನಿಂದ ಚಾಸಿಗೆ ಹೋಗುವ ಅರ್ತ್ ಪಟ್ಟಿ ಬಿಚ್ಚಿ, ತುಕ್ಕು ಉಜ್ಜಿ, ಬಿಗಿ ಮಾಡಿ.

ಈಗ ನನ್ನ ಗಾಡಿಯಲ್ಲಿ ಏನಿತ್ತು ಎಂದು ಹೇಳುತ್ತೇನೆ, ಏಕೆಂದರೆ ಹಳೆ ಗಾಡಿಗಳಲ್ಲಿ ಇದು ಬಹಳ ಸಾಮಾನ್ಯ, ಆದರೂ ಕಡಿಮೆ ಜನ ನೋಡುತ್ತಾರೆ. ಎಸಿ ಆಫ್ ಇದ್ದಾಗ ಆ ಪ್ಲೇಟಿಗೂ ಪುಲ್ಲಿಗೂ ನಡುವೆ ಸಣ್ಣ ಸಂದು ಇರುತ್ತದೆ. ಸುಮಾರು 0.3ರಿಂದ 0.6 ಮಿಲಿಮೀಟರ್. ಕಾಯಿಲ್‌ಗೆ ಕರೆಂಟ್ ಬಂದಾಗ ಅದು ಅಯಸ್ಕಾಂತವಾಗಿ ಪ್ಲೇಟನ್ನು ಎಳೆದುಕೊಳ್ಳುತ್ತದೆ. ವರ್ಷಗಟ್ಟಲೆ ಹಿಡಿದು ಬಿಟ್ಟು ಸವೆದಂತೆ ಸಂದು ಅಗಲವಾಗುತ್ತದೆ. ಇನ್ನೊಂದು ಕಡೆ ತಾಮ್ರದ ಕಾಯಿಲ್ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಏರುತ್ತದೆ. 30 ಡಿಗ್ರಿಯಲ್ಲಿ 3.5 ಓಮ್ ಇದ್ದದ್ದು 100 ಡಿಗ್ರಿಯಲ್ಲಿ ಹತ್ತಿರ ಹತ್ತಿರ 4.5 ಓಮ್ ಆಗುತ್ತದೆ. ಕರೆಂಟ್ ಕಡಿಮೆಯಾಗುತ್ತದೆ, ಎಳೆತ ಅದಕ್ಕಿಂತ ಜಾಸ್ತಿ ಕುಗ್ಗುತ್ತದೆ. ತಣ್ಣಗಿದ್ದಾಗ ಅಗಲ ಸಂದನ್ನೂ ದಾಟಿ ಎಳೆಯುತ್ತಿದ್ದ ಅಯಸ್ಕಾಂತ ಬಿಸಿಯಾದಾಗ ಸೋಲುತ್ತದೆ. ಒಮ್ಮೆ ಹಿಡಿದಿದ್ದರೆ ಹಿಡಿದೇ ಇರುತ್ತದೆ, ಥರ್ಮೋಸ್ಟಾಟ್ (ಕೂಲಿಂಗ್ ಕಾಯಿಲ್ ತೀರಾ ತಣ್ಣಗಾದಾಗ ಕಂಪ್ರೆಸರ್ ನಿಲ್ಲಿಸುವ ಸ್ವಿಚ್) ಒಂದು ಸಲ ಬಿಡಿಸಿದ ಮೇಲೆ ಮತ್ತೆ ಹಿಡಿಯುವುದಿಲ್ಲ. ಅದಕ್ಕೇ ನನಗೆ ಶಿರಾ ತನಕ ಸರಿ, ಆಮೇಲೆ ಇಲ್ಲ.

ಪರೀಕ್ಷೆ ಸುಲಭ. ತೊಂದರೆ ಇರುವಾಗಲೇ, ಬೆಲ್ಟ್‌ನಿಂದ ದೂರ ನಿಂತು, ಉದ್ದದ ಮರದ ಕೋಲಿನಿಂದ ಪ್ಲೇಟಿನ ಮುಖವನ್ನು ಪುಲ್ಲಿಯ ಕಡೆ ಮೆಲ್ಲಗೆ ಒತ್ತಿ ಕೋಲನ್ನು ಕೂಡಲೇ ಹಿಂದಕ್ಕೆ ತೆಗೆಯಿರಿ. ಟಕ್ ಎಂದು ಹಿಡಿದು ತಿರುಗಲು ಶುರುವಾದರೆ ಸಂದು ಜಾಸ್ತಿಯಾಗಿದೆ. ಕಬ್ಬಿಣದ ಸ್ಕ್ರೂ ಡ್ರೈವರ್ ಬಳಸಬೇಡಿ. ಕೈಗೆ ಜಾಗ ಕಷ್ಟವಿದ್ದರೆ ಈ ಪರೀಕ್ಷೆಯೇ ಬೇಡ. ಎಂಜಿನ್ ಆರಿಸಿ, ತಣಿದ ಮೇಲೆ ಫೀಲರ್ ಗೇಜ್‌ನಿಂದ ಸಂದನ್ನು ಮೂರು ಕಡೆ ಅಳೆಯಿರಿ. ನನ್ನದು 0.9 ಇತ್ತು.

ಸರಿಪಡಿಸಲು ಬ್ಯಾಟರಿ ಮೈನಸ್ ತೆಗೆದು, ಪ್ಲೇಟನ್ನು ತಿರುಗದಂತೆ ಹಿಡಿದು ನಡುವಿನ ಬೋಲ್ಟ್ ಬಿಚ್ಚಿ. ಬಹಳ ಕಡೆ 10ರ ಸಾಕೆಟ್ ಹಿಡಿಯುತ್ತದೆ. ಪ್ಲೇಟ್ ನೇರ ಹೊರಗೆ ಬರಬೇಕು. ಬರದಿದ್ದರೆ ಸ್ಕ್ರೂ ಡ್ರೈವರ್ ಹಾಕಿ ಮೀಟಬೇಡಿ, ಸೊಟ್ಟಗಾದರೆ ಮುಗಿಯಿತು. ಪ್ಲೇಟಿನ ನಡುವಿನ ತೂತಿನಲ್ಲಿ ತಿರುಪಿನ ಗೆರೆ (ಥ್ರೆಡ್) ಇದ್ದರೆ ಸರಿಹೊಂದುವ ಬೋಲ್ಟ್ ತಿರುಗಿಸಿದಾಗ ಅದು ತಾನಾಗಿ ಹೊರಗೆ ತಳ್ಳಿಕೊಂಡು ಬರುತ್ತದೆ. ಒಳಗೆ ಶಾಫ್ಟ್ ಮೇಲೆ ಒಂದೋ ಎರಡೋ ತೆಳು ವಾಷರ್ ಇರುತ್ತವೆ. ಬಿದ್ದು ಹೋಗದಂತೆ ನೋಡಿಕೊಳ್ಳಿ. ಒಂದನ್ನು ತೆಗೆದು, ಎರಡೂ ಮುಖದ ಧೂಳು ತುಕ್ಕು ಒರೆಸಿ, ವಾಪಸ್ ಕೂರಿಸಿ, ಮತ್ತೆ ಮೂರು ಕಡೆ ಅಳೆಯಿರಿ. 0.3ಕ್ಕಿಂತ ಕಡಿಮೆಯಾದರೆ ಆಫ್ ಇದ್ದಾಗಲೂ ಉಜ್ಜುತ್ತದೆ, ಹಾಗಾಗಬಾರದು. ನನ್ನದು ಒಂದು ವಾಷರ್ ತೆಗೆದ ಮೇಲೆ 0.5ಕ್ಕೆ ಬಂತು. ತೆಗೆಯಲು ವಾಷರೇ ಉಳಿದಿಲ್ಲವಾದರೆ, ಅಥವಾ ಮುಖ ನೀಲಿಗಟ್ಟಿ ಸುಟ್ಟಂತಿದ್ದರೆ, ಕ್ಲಚ್ ಸೆಟ್ ಬದಲಿಸಿ. ಎಷ್ಟೋ ಗಾಡಿಗಳಿಗೆ ಕ್ಲಚ್ ಬೇರೆಯಾಗೇ ಸಿಗುತ್ತದೆ, ಇಡೀ ಕಂಪ್ರೆಸರ್ ಹಾಕಿಸಬೇಕು ಎಂದು ಯಾರಾದರೂ ಹೇಳಿದರೆ ಇನ್ನೊಂದು ಕಡೆ ಕೇಳಿ.

ಸಂದು ಸರಿ ಇದ್ದೂ ಬಿಸಿಯಾದಾಗ ಬಿಟ್ಟರೆ ಕಾಯಿಲ್ ಅಳೆಯಿರಿ. ಕನೆಕ್ಟರ್ ಬಿಚ್ಚಿ, ಬಿಸಿ ಇದ್ದಾಗಲೇ ಓಮ್ ನೋಡಿ. ತಣ್ಣಗಿದ್ದಾಗ 3ರಿಂದ 5 ಓಮ್, ಬಿಸಿಯಲ್ಲಿ ಸ್ವಲ್ಪ ಜಾಸ್ತಿ. ಪೂರ್ತಿ ಓಪನ್ ತೋರಿಸಿದರೆ ಒಳಗೆ ತಂತಿ ತುಂಡಾಗಿದೆ. ಬಿಸಿಗೆ ಹಿಗ್ಗಿ ಬಿಡುತ್ತದೆ, ತಣಿದಾಗ ಕೂಡುತ್ತದೆ.

ಹಂತ 4: ಕರೆಂಟೇ ಬರುತ್ತಿಲ್ಲ

ಇಲ್ಲಿ ತಾಳ್ಮೆ ಬೇಕು. ಮೊದಲು ಫ್ಯೂಸ್. ಸುಟ್ಟಿದೆಯೇ ಎಂದು ನೋಡಿದರೆ ಸಾಲದು, ಕೂರುವ ಜಾಗದಲ್ಲಿ ಸಡಿಲವಿದೆಯೇ, ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿದೆಯೇ ನೋಡಿ. ಆಮೇಲೆ ಎಸಿ ರಿಲೇ. ಅದೇ ನಂಬರಿನ ಹಾರ್ನ್ ರಿಲೇ ಪಕ್ಕದಲ್ಲೇ ಇದ್ದರೆ ಅದಲು ಬದಲು ಮಾಡಿ ಎರಡು ದಿನ ಓಡಿಸಿ. ಎಸಿ ಸರಿಯಾಗಿ ಹಾರ್ನ್ ಕೈಕೊಟ್ಟರೆ ಕಳ್ಳ ಸಿಕ್ಕಿದ. ಹಾರ್ನ್ ಇಲ್ಲದೆ ದೂರದ ದಾರಿಗೆ ಮಾತ್ರ ಹೋಗಬೇಡಿ.

ರಿಲೇಗೆ ಅಪ್ಪಣೆ ಕೊಡುವ ಸಾಲೂ ಇದೆ. ಹಳೆ ಗಾಡಿಗಳಲ್ಲಿ ಆ ಕರೆಂಟ್ ಬ್ಲೋವರ್ ಸ್ವಿಚ್, ಎಸಿ ಬಟನ್, ಥರ್ಮೋಸ್ಟಾಟ್, ಪ್ರೆಶರ್ ಸ್ವಿಚ್ ಒಂದಾದ ಮೇಲೊಂದು ದಾಟಿ ಬರುತ್ತದೆ. ಯಾವುದು ಬಿಟ್ಟರೂ ಕಂಪ್ರೆಸರ್ ನಿಲ್ಲುತ್ತದೆ. ಬ್ಲೋವರ್ 3ರಲ್ಲಿ ಎಸಿ ಬಂದು 2ರಲ್ಲಿ ಬರದಿದ್ದರೆ ಬ್ಲೋವರ್ ಸ್ವಿಚ್ ಸವೆದಿದೆ, ಬೇರೆ ಏನೂ ಹುಡುಕಬೇಡಿ. ಟೆಸ್ಟ್ ಲ್ಯಾಂಪನ್ನು ಕಂಪ್ರೆಸರ್ ವೈರಿಗೆ ಸಿಕ್ಕಿಸಿ ಬಿಟ್ಟು, ಒಬ್ಬರು ದೀಪ ನೋಡುತ್ತಿರಲಿ, ಇನ್ನೊಬ್ಬರು ವೈರ್ ಗಂಟುಗಳನ್ನು ಒಂದೊಂದೇ ಅಲುಗಾಡಿಸಿ. ಬ್ಯಾಟರಿ ಪಕ್ಕ, ಬಾನೆಟ್ ಹಿಂಜ್ ಹತ್ತಿರ, ಹೆಡ್‌ಲೈಟ್ ಹಿಂದೆ, ಎಂಜಿನ್ ಅಲುಗಾಡಿ ವೈರ್ ಉಜ್ಜುವ ಜಾಗಗಳಲ್ಲಿ. ದೀಪ ಮಿನುಗಿದರೆ ಅಲ್ಲೇ ಇದೆ.

ಪ್ರೆಶರ್ ಸ್ವಿಚ್ ಬಗ್ಗೆ ಕಳಕಳಿಯಿಂದ ಹೇಳುತ್ತೇನೆ. ಅದರ ಎರಡು ವೈರ್ ಸೇರಿಸಿ ಕಾಯಂ ಆಗಿ ಗಂಟು ಹಾಕಿದ ಗಾಡಿಗಳನ್ನು ನೋಡಿದ್ದೇನೆ. ಗ್ಯಾಸ್ ಒತ್ತಡ ಸುಮಾರು 30 ಪಿಎಸ್‌ಐಗಿಂತ ಇಳಿದಾಗ, ಅಥವಾ 400 ದಾಟಿ ಏರಿದಾಗ ಕಂಪ್ರೆಸರ್ ನಿಲ್ಲಿಸುವುದೇ ಅದರ ಕೆಲಸ. ಕಂಪ್ರೆಸರ್‌ಗೆ ಎಣ್ಣೆ ತಲುಪುವುದು ಗ್ಯಾಸಿನ ಜೊತೆಗೇ. ಗ್ಯಾಸ್ ಇಲ್ಲದೆ ಓಡಿದರೆ ಒಣಗಿ ಕಚ್ಚಿಕೊಳ್ಳುತ್ತದೆ, ಪುಡಿಯಾದ ಲೋಹ ಇಡೀ ಪೈಪ್‌ಗಳಿಗೆ ಹರಡುತ್ತದೆ. ಸ್ವಿಚ್ ಮೇಲೆ ಅನುಮಾನವಿದ್ದರೆ ಮೊದಲು ಗೇಜ್ ಹಾಕಿ ಒತ್ತಡ ಸರಿ ಇದೆ ಎಂದು ಖಚಿತ ಮಾಡಿಕೊಳ್ಳಿ, ಆಮೇಲೆ ಕೆಲವೇ ಸೆಕೆಂಡು ವೈರ್ ಸೇರಿಸಿ ನೋಡಿ, ಬಿಡಿಸಿ, ಹೊಸ ಸ್ವಿಚ್ ಹಾಕಿಸಿ.

ಹಂತ 5: ಕಂಪ್ರೆಸರ್ ತಿರುಗುತ್ತಿದೆ, ಗಾಳಿ ಮಾತ್ರ ಬಿಸಿ

ನಿಂತಾಗ ಬಿಸಿ, ಓಡುವಾಗ ತಂಪು ಎಂದಾದರೆ ಗ್ರಿಲ್ ಮುಂದೆ ಕೂತು ಕಂಡೆನ್ಸರ್ ನೋಡಿ. ನಮ್ಮ ಕಡೆ ಸುಗ್ಗಿಯಲ್ಲಿ ರಾಗಿ, ಹುರುಳಿ ಎಲ್ಲ ರಸ್ತೆ ಮೇಲೆ ಹರಡಿರುತ್ತಾರೆ. ಅದರ ಮೇಲೆ ಓಡಿಸಿದ ಗಾಡಿಯ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಹೊಟ್ಟು ತುಂಬಿಕೊಳ್ಳುತ್ತದೆ. ಮುಂದಿನಿಂದ ನೋಡಿದರೆ ಚೊಕ್ಕವಾಗೇ ಕಾಣುತ್ತದೆ, ಮೇಲಿನ ತಗಡು ಬಿಚ್ಚಿ ಟಾರ್ಚ್ ಬಿಟ್ಟರೆ ಗೊತ್ತಾಗುತ್ತದೆ. ಎಂಜಿನ್ ಕಡೆಯಿಂದ ಹೊರಕ್ಕೆ, ಸಾಧಾರಣ ನಲ್ಲಿ ಪೈಪಿನ ರಭಸದಲ್ಲಿ ನೀರು ಬಿಡಿ. ವಾಟರ್ ಸರ್ವಿಸ್‌ನ ಜೋರು ಗನ್ ಹತ್ತಿರ ಹಿಡಿದರೆ ಅಲ್ಯೂಮಿನಿಯಂ ರೆಕ್ಕೆಗಳು ಮಡಚಿ ಗಾಳಿಯೇ ಹೋಗುವುದಿಲ್ಲ.

ಆಮೇಲೆ ಫ್ಯಾನ್. ಎಲೆಕ್ಟ್ರಿಕ್ ಫ್ಯಾನ್ ಇದ್ದರೆ ಎಸಿ ಹಾಕಿದ ಸ್ವಲ್ಪ ಹೊತ್ತಿಗೆ ತಿರುಗಬೇಕು. ಹಳೆ ಮೋಟರ್‌ನಲ್ಲಿ ಕಾರ್ಬನ್ ಸವೆದು, ಕೆಲವೊಮ್ಮೆ ಶುರುವಾಗುತ್ತದೆ, ಕೆಲವೊಮ್ಮೆ ಇಲ್ಲ. ಕೋಲಿನಿಂದ ಮೋಟರ್ ಮೈಗೆ ತಟ್ಟಿದಾಗ ಎದ್ದರೆ ಮೋಟರ್ ಬದಲಿಸಿ. ಎಂಜಿನ್ನೇ ತಿರುಗಿಸುವ ವಿಸ್ಕಸ್ ಫ್ಯಾನ್ ಬಹಳ ಡೀಸೆಲ್ ಪಿಕಪ್‌ಗಳಲ್ಲಿದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆರಿಸಿ, ಕೀ ಜೇಬಿಗೆ ಹಾಕಿಕೊಂಡು, ಕೈಯಿಂದ ತಿರುಗಿಸಿ. ಬಿಗಿಯಾಗಿರಬೇಕು. ಸುಲಭವಾಗಿ ಸುತ್ತುಗಟ್ಟಲೆ ತಿರುಗಿದರೆ ವಿಸ್ಕಸ್ ಹೋಗಿದೆ.

ಗಾಳಿಯ ರಭಸ ಕುಗ್ಗುವ ಜಾತಿಯದ್ದಾದರೆ ಮಂಜುಗಡ್ಡೆ. ಕೂಲಿಂಗ್ ಕಾಯಿಲ್ ಸೊನ್ನೆ ಡಿಗ್ರಿಯ ಹತ್ತಿರ ಬಂದಾಗ ಥರ್ಮೋಸ್ಟಾಟ್ ಕಂಪ್ರೆಸರ್ ಬಿಡಿಸಬೇಕು. ಬಿಡಿಸದಿದ್ದರೆ ಕಾಯಿಲ್ ಮೇಲಿನ ನೀರೇ ಗಡ್ಡೆಯಾಗಿ ಗಾಳಿಗೆ ಅಡ್ಡ ನಿಲ್ಲುತ್ತದೆ. ಎಸಿ ಆಫ್ ಮಾಡಿ ಬ್ಲೋವರ್ ಮಾತ್ರ ಬಿಟ್ಟರೆ ಕರಗಿ ಗಾಡಿ ಕೆಳಗೆ ಎಂದಿಗಿಂತ ಜಾಸ್ತಿ ನೀರು ಸುರಿಯುತ್ತದೆ. ಇದು ಒಳ್ಳೆ ಗುರುತು. ಥರ್ಮೋಸ್ಟಾಟ್‌ನ ಸೂಕ್ಷ್ಮ ನಳಿಕೆ ಅಥವಾ ಸೆನ್ಸರ್ ಕಾಯಿಲ್ ರೆಕ್ಕೆಗಳ ನಡುವಿನಿಂದ ಜಾರಿ ಹೊರಗೆ ಬಂದಿದ್ದರೂ ಹೀಗಾಗುತ್ತದೆ. ಹೊಸದು ತರುವ ಮೊದಲು ಅದು ತನ್ನ ಜಾಗದಲ್ಲಿದೆಯೇ ನೋಡಿ. ಎರಡು ವೈರಿನ ಸೆನ್ಸರ್ ಆದರೆ ಐಸ್ ನೀರಿನ ಲೋಟದಲ್ಲಿ ಅದ್ದಿ ಓಮ್ ಅಳೆಯಿರಿ, ತಣ್ಣಗಾದಂತೆ ಓಮ್ ಸಲೀಸಾಗಿ ಏರಬೇಕು. ಧೂಳು ತುಂಬಿದ ಕಾಯಿಲ್, ಕೊಳೆಯಾದ ಫಿಲ್ಟರ್ ಇದ್ದರೂ ಗಾಳಿ ಸಾಲದೆ ಗಡ್ಡೆ ಕಟ್ಟುತ್ತದೆ. ಕಾಲ ಬುಡದ ಕಾರ್ಪೆಟ್ ಒದ್ದೆ ಇದ್ದರೆ ನೀರು ಇಳಿಯುವ ಪೈಪ್ ಕಟ್ಟಿದೆ, ಕೆಳಗಿನಿಂದ ಬಿಡಿಸಿ.

ರಭಸ ಅಷ್ಟೇ ಇದ್ದು ಬಿಸಿಯಾಗಿ, ಐದು ನಿಮಿಷ ನಿಲ್ಲಿಸಿದರೆ ಸರಿಯಾಗುವ ಇನ್ನೊಂದು ಕಾಯಿಲೆ ಇದೆ. ಒಳಗೆ ತೇವ ಸೇರಿದರೆ ಎಕ್ಸ್‌ಪಾನ್ಶನ್ ವಾಲ್ವ್‌ನ ಸಣ್ಣ ತೂತಿನಲ್ಲೇ ಅದು ಹರಳುಗಟ್ಟಿ ಮುಚ್ಚುತ್ತದೆ. ಗೇಜ್ ಹಾಕಿದ್ದರೆ ಕಡಿಮೆ ಒತ್ತಡದ ಮುಳ್ಳು ಸೊನ್ನೆಗಿಂತ ಕೆಳಗೆ ಹೋಗುವುದು ಕಾಣುತ್ತದೆ. ಇದಕ್ಕೆ ಡ್ರೈಯರ್ ಬದಲಿಸಿ ಚೆನ್ನಾಗಿ ವ್ಯಾಕ್ಯೂಮ್ ಎಳೆಸುವುದು (ಪಂಪ್ ಹಾಕಿ ಪೈಪ್‌ಗಳೊಳಗಿನ ಗಾಳಿ, ತೇವ ತೆಗೆಸುವುದು) ಬಿಟ್ಟು ಬೇರೆ ದಾರಿಯಿಲ್ಲ.

ಬಿಸಿ ತಣ್ಣಗೆ ಮಾಡಲು ತಿರುಗಿಸುವ ನಾಬ್‌ನ ಕೇಬಲ್ ಸಡಿಲವಾಗಿ ಹೀಟರ್ ಕಡೆಯ ಬಾಗಿಲು ತಾನಾಗಿ ತೆರೆದುಕೊಂಡಿರಬಹುದು. ಹೀಟರ್‌ಗೆ ಹೋಗುವ ರಬ್ಬರ್ ಪೈಪನ್ನು ಬಟ್ಟೆ ಸುತ್ತಿ ಒಂದು ನಿಮಿಷ ಅದುಮಿ ಹಿಡಿದಾಗ ಗಾಳಿ ತಣ್ಣಗಾದರೆ ಅದೇ.

ಹಂತ 6: ಈಗ ಗೇಜ್

ಎಂಜಿನ್ ಆರಿಸಿ ಗಾಡಿ ನೆರಳಲ್ಲಿ ತಣಿದಿರುವಾಗ, 30 ಡಿಗ್ರಿ ಬಿಸಿಯಿದ್ದರೆ ಎರಡೂ ಮುಳ್ಳು ಸುಮಾರು 97 ಪಿಎಸ್‌ಐ, 35 ಡಿಗ್ರಿಯಿದ್ದರೆ 114ರ ಆಸುಪಾಸು ತೋರಿಸಬೇಕು. ತೀರಾ ಕಡಿಮೆಯಿದ್ದರೆ ಗ್ಯಾಸ್ ಹೋಗಿದೆ. ಆದರೆ ಸರಿ ಇದ್ದರೆ ಗ್ಯಾಸ್ ಪೂರ್ತಿ ಇದೆ ಎಂದು ಅರ್ಥವಲ್ಲ. ಸಿಲಿಂಡರ್‌ನಲ್ಲಿ ಅರ್ಧ ಇದ್ದರೂ ತುಂಬಿದ್ದರೂ ಒತ್ತಡ ಒಂದೇ ಇರುವಂತೆ ಇಲ್ಲೂ ದ್ರವ ಉಳಿದಿರುವವರೆಗೆ ಮುಳ್ಳು ಅದನ್ನೇ ತೋರಿಸುತ್ತದೆ.

ಎಂಜಿನ್ 1500 ಆರ್‌ಪಿಎಮ್‌ನಲ್ಲಿ ಇಟ್ಟು, ಬಾಗಿಲು ತೆರೆದು, ಬ್ಲೋವರ್ ಜೋರು ಮಾಡಿ ನೋಡಿ. ನಮ್ಮ ಬೇಸಿಗೆಯಲ್ಲಿ ಕಡಿಮೆ ಕಡೆ 25ರಿಂದ 45, ಜಾಸ್ತಿ ಕಡೆ 200ರಿಂದ 275 ಇದ್ದರೆ ಸಾಮಾನ್ಯ. ಎರಡೂ ಕಡಿಮೆಯಾದರೆ ಗ್ಯಾಸ್ ಸಾಲದು. ಎರಡೂ ಜಾಸ್ತಿಯಾದರೆ ಗ್ಯಾಸ್ ಹೆಚ್ಚಾಗಿದೆ, ಅಥವಾ ಒಳಗೆ ಗಾಳಿ ಸೇರಿದೆ, ಅಥವಾ ಕಂಡೆನ್ಸರ್ ಶಾಖ ಬಿಡುತ್ತಿಲ್ಲ. ಕಡಿಮೆ ಕಡೆ ಜಾಸ್ತಿ, ಜಾಸ್ತಿ ಕಡೆ ಕಡಿಮೆ ಎಂದರೆ ಕಂಪ್ರೆಸರ್ ಸೋತಿದೆ.

ಗ್ಯಾಸ್ ಕಡಿಮೆ ಎಂದು ಖಚಿತವಾದರೆ ಮೊದಲು ಸೋರಿಕೆ ಹುಡುಕಿಸಿ. ಜಾಯಿಂಟಿನಲ್ಲಿ ಎಣ್ಣೆ ಜಿಡ್ಡಿಗೆ ಧೂಳು ಮೆತ್ತಿದ್ದರೆ ಅಲ್ಲೇ ಸೋರುತ್ತಿರುವ ಸಾಧ್ಯತೆ ಜಾಸ್ತಿ. ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ, ಗ್ಯಾಸ್ ತುಂಬುವ ಜಾಗದ ವಾಲ್ವ್ ಪಿನ್ ಮೇಲೂ ಒಂದು ಹನಿ ಬಿಡಿ. ಬೆಂಕಿ ಹಿಡಿದು ಸೋರಿಕೆ ನೋಡುವುದು ಬೇಡವೇ ಬೇಡ, ಈ ಗ್ಯಾಸ್ ಉರಿಯಲ್ಲಿ ಒಡೆದು ವಿಷವಾಗುತ್ತದೆ. ಅಗ್ಗವೆಂದು ಅಡುಗೆ ಗ್ಯಾಸಿನ ಜಾತಿಯದ್ದನ್ನು ತುಂಬಿಸಿಕೊಳ್ಳಬೇಡಿ. ಕ್ಯಾಬಿನ್ ಒಳಗೆ ಸೋರಿದರೆ ಬೆಂಕಿಗೆ ಒಂದು ಕಿಡಿ ಸಾಕು.

ತುಂಬಿಸುವಾಗ ಎದುರಿಗೆ ನಿಂತು ನೋಡಿ. ಪೈಪ್ ಬಿಚ್ಚಿದ್ದರೆ ಹೊಸ ಓ-ರಿಂಗ್ (ಜಾಯಿಂಟಿನ ರಬ್ಬರ್ ಉಂಗುರ), ಹೊಸ ಡ್ರೈಯರ್. ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ವ್ಯಾಕ್ಯೂಮ್ ಎಳೆದು, ಪಂಪ್ ಮುಚ್ಚಿ ಕಾಲು ಗಂಟೆ ಮುಳ್ಳು ಅಲುಗಾಡದೆ ನಿಲ್ಲಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿ ಹೊರಗಿನ ಗಾಳಿಯ ಒತ್ತಡವೇ ಕಡಿಮೆ, ಹಾಗಾಗಿ ಗೇಜ್ 27 ಇಂಚಿಗೇ (ಪಾದರಸದ ಲೆಕ್ಕ) ನಿಂತರೆ ಪಂಪ್ ಕೆಟ್ಟಿದೆ ಎಂದುಕೊಳ್ಳಬೇಡಿ. ಮಂಗಳೂರಿನಲ್ಲಿ 29 ದಾಟಬೇಕು. ಗ್ಯಾಸನ್ನು ತೂಕದ ಲೆಕ್ಕದಲ್ಲಿ ಹಾಕಬೇಕು, ಕೈಗೆ ತಣ್ಣಗಾಗುವ ಲೆಕ್ಕದಲ್ಲಿ ಅಲ್ಲ. ಎಷ್ಟು ಗ್ರಾಂ ಎಂದು ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿರುತ್ತದೆ, ಕಿತ್ತುಹೋಗಿದ್ದರೆ ಗಾಡಿಯ ಸರ್ವಿಸ್ ಪುಸ್ತಕದಲ್ಲಿ ನೋಡಿ.

ಕೊನೆಗೆ ಅದೇ ದಾರಿ, ಅದೇ ಹೊತ್ತು

ಸರಿಯಾಯಿತು ಎಂದು ಶೆಡ್‌ನಲ್ಲೇ ತೀರ್ಮಾನಿಸಬೇಡಿ. ಮೊದಲು ಎಲ್ಲಿ ಕೈಕೊಡುತ್ತಿತ್ತೋ ಅದೇ ದಾರಿಯಲ್ಲಿ, ಅದೇ ಹೊತ್ತಿನಲ್ಲಿ, ಅದೇ ಬ್ಲೋವರ್ ಇಟ್ಟು ಓಡಿಸಿ. ಕಿಂಡಿಯಲ್ಲಿ ಥರ್ಮಾಮೀಟರ್ ಇರಲಿ. ಒಳಗಿನ ಗಾಳಿಯೇ ಸುತ್ತುವ ಬಟನ್ ಹಾಕಿ ಓಡುತ್ತಿರುವಾಗ 6ರಿಂದ 12 ಡಿಗ್ರಿಯೊಳಗೆ ನಿಂತರೆ ಹಳೆ ಗಾಡಿಗೆ ಅದು ಬಹಳ ಒಳ್ಳೆಯದು. ನಾನು ವಾಷರ್ ತೆಗೆದ ಮರುವಾರ ಮಧ್ಯಾಹ್ನ 1 ಗಂಟೆಗೇ ಹೊರಟೆ. ಶಿರಾದಲ್ಲಿ 9 ಡಿಗ್ರಿ, ತುಮಕೂರಿನಲ್ಲಿ 9, ನೆಲಮಂಗಲದ ಟ್ರಾಫಿಕ್‌ನಲ್ಲಿ 12. ದಾಬಸ್‌ಪೇಟೆ ದಾಟುವಾಗ ಅಮ್ಮ ಬ್ಲೋವರ್ ಕಡಿಮೆ ಮಾಡು, ಚಳಿಯಾಗುತ್ತಿದೆ ಎಂದರು.